ಹಳೇ ಎಸ್‌ಟಿಪಿಗೆ ಹೊಸ ನಾರ್ಮ್ಸ್: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಮ್ಮ ಸಿಟಿದು 20 ಎಂಎಲ್‌ಡಿ (ದಿನಕ್ಕೆ 2 ಕೋಟಿ ಲೀಟರ್) ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟ್. ಹಳೇ ಆಕ್ಟಿವೇಟೆಡ್ ಸ್ಲಡ್ಜ್ (ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳೆ ತೆಗೆಯೋ ಪದ್ಧತಿ), ಹೊರಬಿಡೋ ನೀರಲ್ಲಿ ಬಿಓಡಿ (ಕೊಳೆಯೋ ಕಶ್ಮಲದ ಅಳತೆ) ಲೀಟರಿಗೆ 30 ಮಿಲಿಗ್ರಾಂಗೆ ಡಿಸೈನ್ ಆಗಿದ್ದು. ಈಗ 10ಕ್ಕೆ ಇಳಿಸಿ, ಟೋಟಲ್ ನೈಟ್ರೋಜನ್ನೂ 10ರೊಳಗೆ ತನ್ನಿ ಅಂತಿದಾರೆ. ಡಿಪಿಆರ್‌ಗೆ (ವಿವರವಾದ ಯೋಜನಾ ವರದಿ) ಮುಂಚೆ ಏನೇನ್ ನೋಡ್ಕೋಬೇಕು? ಮಾಡ್ಸಿದೋರು ಹೇಳಿ.

ಉತ್ತರ 1: ಮೊದ್ಲು ವೆಂಡರ್‌ಗಳನ್ನ ಗೇಟಿಂದ ಆಚೆನೇ ನಿಲ್ಸಿ ಸರ್. ಒಳಗೆ ಬರ್ತಿರೋ ನೀರು ಎಂಥದ್ದು ಅಂತ ಗೊತ್ತಾಗೋವರೆಗೂ ಎಂಬಿಆರಾ (ಮೆಂಬ್ರೇನಲ್ಲಿ ಸೋಸೋದು) ಎಸ್‌ಬಿಆರಾ (ಒಂದೇ ಟ್ಯಾಂಕಲ್ಲಿ ಸರದಿ ಪ್ರಕಾರ ಶುದ್ಧ ಮಾಡೋದು) ಅನ್ನೋ ಮಾತೇ ಬೇಡ. ಬೆಳಿಗ್ಗೆ ಒಂದು ಬಾಟ್ಲಿ ತುಂಬಿ ಲ್ಯಾಬಿಗೆ ಕಳಿಸೋದಲ್ಲ, 24 ಗಂಟೆ ಕಾಂಪೋಸಿಟ್ ಸ್ಯಾಂಪಲ್ (ದಿನವಿಡೀ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿದ್ದು) ಬೇಕು, ಬೇಸಿಗೇಲೂ ಮಳೆಗಾಲದಲ್ಲೂ. ನಮ್ಮೂರಲ್ಲಿ ಮಳೆನೀರೆಲ್ಲ ಯುಜಿಡಿಗೆ (ಒಳಚರಂಡಿಗೆ) ನುಗ್ಗಿ ಬಿಓಡಿ ಡಿಸೈನಲ್ಲಿ ಬರ್ದಿದ್ದರ ಅರ್ಧನೂ ಬರ್ತಿರ್ಲಿಲ್ಲ, ಕೇಳೋಕೆ ಒಳ್ಳೇದೇ ಅನ್ಸತ್ತೆ ಆದ್ರೆ ನೈಟ್ರೇಟ್ ತೆಗೆಯೋ ಬ್ಯಾಕ್ಟೀರಿಯಾಗೆ ಆ ಬಿಓಡಿನೇ ಊಟ, ಅದಿಲ್ದೆ ಟೋಟಲ್ ನೈಟ್ರೋಜನ್ ಇಳಿಯಲ್ಲ. ಟಿಕೆಎನ್ (ಅಮೋನಿಯಾ ಮತ್ತೆ ಸಾವಯವ ನೈಟ್ರೋಜನ್ ಸೇರಿದ ಲೆಕ್ಕ), ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) ಎರಡೂ ಟೆಸ್ಟ್ ಮಾಡ್ಸಿ. 1 ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ ನೈಟ್ರೇಟ್ ಆಗೋಕೆ ಸುಮಾರು 7 ಮಿಲಿಗ್ರಾಂ ಆಲ್ಕಲಿನಿಟಿ, 4.6 ಮಿಲಿಗ್ರಾಂ ಆಕ್ಸಿಜನ್ ಬೇಕು. ಅಂದ್ರೆ ಈಗಿನ ಗಾಳಿ ಊದೋ ಬ್ಲೋವರ್ ಸಾಲಲ್ಲ, ಕರೆಂಟ್ ಬಿಲ್ ಏರತ್ತೆ, ಇದನ್ನ ಕಮಿಷನರ್ ಕಿವಿಗೆ ಈಗ್ಲೇ ಹಾಕ್ಬಿಡಿ. ಹಳೇ ಏರೇಶನ್ ಟ್ಯಾಂಕ್ ಗಟ್ಟಿಯಿದ್ರೆ ಒಡೀಬೇಡಿ. ಮುಂದಿನ ಭಾಗಕ್ಕೆ ಅಡ್ಡಗೋಡೆ ಕಟ್ಟಿ, ಅಲ್ಲಿ ಗಾಳಿ ನಿಲ್ಸಿ ಮಿಕ್ಸರ್ ಇಟ್ಟು, ಟ್ಯಾಂಕಿನ ಕೊನೆಯಿಂದ ನೈಟ್ರೇಟ್ ಇರೋ ನೀರನ್ನ ಅಲ್ಲಿಗೆ ವಾಪಸ್ ಪಂಪ್ ಮಾಡಿದ್ರೆ ಅದೇ ಅನಾಕ್ಸಿಕ್ ಝೋನ್ (ಆಕ್ಸಿಜನ್ ಇಲ್ದೆ ನೈಟ್ರೇಟ್ ತೆಗೆಯೋ ಜಾಗ) ಆಗತ್ತೆ. ಉಳಿಯೋ ಜಾಗ ಏರೇಶನ್‌ಗೆ ಸಾಲತ್ತಾ ಅಂತ ಲೆಕ್ಕ ಹಾಕ್ಸಿ, ಸಾಲ್ದಿದ್ರೆ ಬ್ಯಾಕ್ಟೀರಿಯಾ ಅಂಟ್ಕೊಂಡು ಬೆಳೆಯೋ ಪ್ಲಾಸ್ಟಿಕ್ ಮೀಡಿಯಾ ಹಾಕೋದೊಂದು ದಾರಿ.

ಉತ್ತರ 2: ನಾನು ಆಪರೇಷನ್ ಕಡೆಯವ. ಮೇಲಿನೋರು ಹೇಳಿದ್ದು ಸರಿ, ಆದ್ರೆ ಕೆಲ್ಸ ನಡೀವಾಗ ಊರಿನ ಕೊಳಚೆ ನೀರೇನು ರಜಾ ಹಾಕತ್ತಾ? ಪ್ಲಾಂಟಿನ ಒಂದು ಸ್ಟ್ರೀಮ್ (ಟ್ಯಾಂಕ್ ಸಾಲು) ಬಂದ್ ಮಾಡ್ದಾಗ ಇನ್ನೊಂದು ಎಷ್ಟು ತಡ್ಕೊಳತ್ತೆ, ಯಾವ ತಿಂಗಳಲ್ಲಿ ಬಂದ್ ಮಾಡೋದು, ಟೆಂಡರಲ್ಲೇ ಬರೀರಿ. ಫಾಸ್ಫರಸ್ ತೆಗೆಯೋಕೆ ಆಲಂ ಅಥ್ವಾ ಫೆರಿಕ್ ಕ್ಲೋರೈಡ್ ಹಾಕಿದ್ರೆ ಸ್ಲಡ್ಜ್ (ಕೆಸರು) ಜಾಸ್ತಿ ಬರತ್ತೆ, ಮಳೆಗಾಲದಲ್ಲಿ ಅದನ್ನ ಹರಡೋ ಡ್ರೈಯಿಂಗ್ ಬೆಡ್ ಒಣಗೋದೇ ಇಲ್ಲ, ತಿರುಗಿಸಿ ನೀರು ಹಿಂಡೋ ಸೆಂಟ್ರಿಫ್ಯೂಜ್ ಈಗ್ಲೇ ಎಸ್ಟಿಮೇಟಿಗೆ ಸೇರ್ಸಿ. ಕಟ್ಟಿದವರ ಕೈಲೇ ನಡ್ಸೋಕೆ ಕೊಡಿ, ಔಟ್‌ಲೆಟ್ ರಿಪೋರ್ಟ್ ಸರಿಯಿದ್ರೆ ಮಾತ್ರ ಬಿಲ್ ಪಾಸ್.

ಉತ್ತರ 3: ನಿಮ್ಗೆ 10 ಅಂತ ಯಾರು ಹೇಳಿದ್ದು, ಬಾಯಲ್ಲಾ ಪೇಪರಲ್ಲಾ? 2017ರ ಅಕ್ಟೋಬರ್ ಕೇಂದ್ರದ ನೋಟಿಫಿಕೇಶನ್ ಪ್ರಕಾರ ಬಿಓಡಿ ಮೆಟ್ರೋ ಸಿಟಿಗೆ 20, ಬೇರೆ ಊರಿಗೆ 30. 2019ರ ಏಪ್ರಿಲ್‌ನಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಇನ್ನೂ ಬಿಗಿ ಮಾಡಿ 10 ಅಂತು, ಹಳೇ ಪ್ಲಾಂಟಿಗೂ ಅದೇ ಅಂತು. ಮಾಲಿನ್ಯ ನಿಯಂತ್ರಣ ಮಂಡಳಿ ಕನ್ಸೆಂಟಲ್ಲಿ (ಅನುಮತಿ ಪತ್ರದಲ್ಲಿ) ಏನಿದೆಯೋ ಅದನ್ನ ಹಿಡ್ಕೊಂಡೇ ಡಿಪಿಆರ್ ಮಾಡ್ಸಿ. ಮತ್ತೆ ನೀರು ಬಿಡೋದು ಕೆರೆಗಾ ಹಳ್ಳಕ್ಕಾ? ಕೆರೆಗಾದ್ರೆ ಫಾಸ್ಫರಸ್ ಕಡೆಗಣಿಸ್ಬೇಡಿ, ಕಳೆ ಬೆಳೆದು ಬೆಂಗಳೂರಿನ ಬೆಳ್ಳಂದೂರು ಕೆರೆ ಏನಾಯ್ತು ನೋಡಿದೀವಲ್ಲ.