ಪೆರ್ನ್‌ಕೋಫ್ ಅಟ್ಲಾಸ್ ಇಟ್ಟುಕೊಂಡು ಎಥಿಕ್ಸ್ ಪಾಠ: ಚರಿತ್ರೆ ಮೊದಲೋ, ಚಿತ್ರ ಮೊದಲೋ?

ಕೋಥ್ರೂಡ್ ಕನ್ನಡಿಗ:
ಪುಣೆಯಲ್ಲಿ ಮೊದಲ ವರ್ಷದ ಎಂಬಿಬಿಎಸ್‌ಗೆ ಅನಾಟಮಿ ಕಲಿಸುತ್ತೇನೆ. ಏಟ್‌ಕಾಮ್‌ನ (ವೈದ್ಯ ವಿದ್ಯಾರ್ಥಿಗಳಿಗೆ ನಡವಳಿಕೆ, ನೀತಿ, ಸಂವಹನ ಕಲಿಸುವ ಪಠ್ಯ) 1.5ನೇ ಮಾಡ್ಯೂಲ್, ಅಂದರೆ ಶವವೇ ಮೊದಲ ಗುರು ಅನ್ನುವುದಕ್ಕೆ ಪೆರ್ನ್‌ಕೋಫ್ ಅಟ್ಲಾಸ್, ಅಂದರೆ ನಾಜಿ ಪಕ್ಷದವನಾಗಿದ್ದ ವಿಯೆನ್ನಾದ ಪ್ರಾಧ್ಯಾಪಕ ಪೆರ್ನ್‌ಕೋಫ್ ತಯಾರಿಸಿದ ದೇಹರಚನೆಯ ಚಿತ್ರಪುಸ್ತಕ ತೋರಿಸುವ ಯೋಚನೆಯಿದೆ. ಬ್ಯಾಚಿನಲ್ಲಿ 25 ಮಂದಿ, ಸಮಯ 90 ನಿಮಿಷ. ನಾಜಿ ಹಿನ್ನೆಲೆಯನ್ನು ಮೊದಲೇ ಹೇಳಿಬಿಡಲೇ?

ಮಾಟುಂಗಾ ಮೇಷ್ಟ್ರು:
ಬೇಡ ಸರ್, ಚಿತ್ರ ಮೊದಲು ಬರಲಿ. ಯುದ್ಧಕಾಲದ ಮುದ್ರಣದಿಂದ ಕಲಾವಿದನ ಸಹಿಯಿರುವ ಒಂದೇ ಪ್ಲೇಟ್ (ಚಿತ್ರದ ಪುಟ) ಆರಿಸಿ. ಹತ್ತು ನಿಮಿಷ ನರ, ರಕ್ತನಾಳಗಳನ್ನು ಗುರುತಿಸಲಿ, ಚಿತ್ರದ ಅಂದಕ್ಕೆ ತಾವೇ ಬೆರಗಾಗಲಿ. ಆಮೇಲೆ ಸಹಿಯನ್ನು ದೊಡ್ಡದು ಮಾಡಿ. ಚಿತ್ರ ಬರೆದವರಲ್ಲಿ ಒಬ್ಬನಾದ ಲೆಪಿಯರ್ ಹೆಸರಿನ ಕೊನೆಯ ‘ಆರ್’ ಬಾಲ ನಾಜಿ ಸ್ವಸ್ತಿಕವಾಗಿ ತಿರುಗಿರುತ್ತದೆ. ಇನ್ನೊಬ್ಬ ಕಲಾವಿದ ಎಂಟ್ರೆಸರ್ ತನ್ನ ಹೆಸರಿನ ಜೋಡಿ ‘ಎಸ್’ ಅನ್ನು ಹಿಟ್ಲರನ ಎಸ್‌ಎಸ್ ಪಡೆಯ ಮಿಂಚಿನ ಗುರುತಾಗಿ ಬರೆದ. ಮತ್ತೊಬ್ಬ ಬಾಟ್ಕೆ ಸಹಿಯ ಜೊತೆ ಬರೆದ 1944ರ ಎರಡು ನಾಲ್ಕನ್ನೂ ಹಾಗೇ ಮಾಡಿದ. ನಂತರದ ಮುದ್ರಣಗಳಲ್ಲಿ ಇವನ್ನು ಅಳಿಸಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಡಿ, ಯಾರು ಏಕೆ ಅಳಿಸಿದರು ಅಂತ ಕೇಳಿ.
ಒಂದು ಎಚ್ಚರ. ನಮ್ಮ ಮಕ್ಕಳಿಗೆ ಸ್ವಸ್ತಿಕ ಅಂದರೆ ಹೊಸ್ತಿಲ ರಂಗೋಲಿ. ಅದಕ್ಕೆ ಎರಡು ನಿಮಿಷ ಕೊಡದಿದ್ದರೆ ತರಗತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಗ್ರಂಥಪಾಲಕಿ:
ಮೇಷ್ಟ್ರೇ, ಸಹಿ ಕಲಾವಿದನ ಕತೆ ಹೇಳುತ್ತದೆ, ಮೇಜಿನ ಮೇಲಿದ್ದವರದ್ದಲ್ಲ. ಅದರ ಮೇಲೇ ಕೂತರೆ ಹೆಣಗಳು ಮರೆತುಹೋಗುತ್ತವೆ. 1998ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯ ಪ್ರಕಟಿಸಿದ ತನಿಖೆಯ ಪ್ರಕಾರ, ಮರಣದಂಡನೆಗೆ ಗುರಿಯಾದ ಕನಿಷ್ಠ 1,377 ಮಂದಿಯ ದೇಹ ನಾಜಿ ಕಾಲದಲ್ಲಿ ಅಲ್ಲಿನ ಅನಾಟಮಿ ವಿಭಾಗಕ್ಕೆ ಹೋಗಿತ್ತು. ನಾಜಿ ವಿರೋಧಿಗಳೂ ಅವರಲ್ಲಿದ್ದರು. ಅಟ್ಲಾಸ್‌ನಲ್ಲಿ ಸುಮಾರು 800 ಚಿತ್ರ. ಯಾವುದು ಯಾರ ದೇಹ ಅನ್ನುವುದು ಬಹುಪಾಲು ಪತ್ತೆಯಾಗಿಲ್ಲ. ಹೀಗಾಗಿ ‘ಈ ಪ್ಲೇಟ್ ಶುದ್ಧ, ಆ ಪ್ಲೇಟ್ ಅಶುದ್ಧ’ ಅಂತ ವಿಂಗಡಿಸಿ ಪಾರಾಗಲು ಬಿಡಬೇಡಿ.
ಪ್ರಶ್ನೆ ಹೀಗಿಡಿ: ಸರ್ಜರಿ ನಡುವೆ ನರ ಸಿಗುತ್ತಿಲ್ಲ, ಈ ಪುಸ್ತಕದಲ್ಲಿದೆ. ತೆರೆಯುತ್ತೀರಾ? ತೆರೆದರೆ ಯಾರಿಗೆ ಹೇಳುತ್ತೀರಾ? ಮೊದಲನೆಯದಕ್ಕೆ ಎಲ್ಲರೂ ಕೈ ಎತ್ತುತ್ತಾರೆ, ಎರಡನೆಯದಕ್ಕೆ ಸದ್ದಿಲ್ಲ. 2017ರ ವಿಯೆನ್ನಾ ಪ್ರೊಟೋಕಾಲ್, ಅಂದರೆ ಯಹೂದಿ ಧರ್ಮಗುರುವೊಬ್ಬರು ಬರೆದ ಮಾರ್ಗಸೂಚಿ, ಬಳಕೆಗೆ ಒಪ್ಪುತ್ತದೆ, ಆದರೆ ಮೂಲವನ್ನು ಬಚ್ಚಿಡಬಾರದು ಅನ್ನುತ್ತದೆ. ಅದನ್ನು ಚರ್ಚೆಯಾದ ಮೇಲೆ ಹಂಚಿ.

ಡಿಸೆಕ್ಷನ್ ಹಾಲ್:
ಕೊನೆಯ 20 ನಿಮಿಷ ನಿಮ್ಮದೇ ಮೇಜಿಗೆ ಬನ್ನಿ ಸರ್. ಇಲ್ಲದಿದ್ದರೆ ‘ನಾಜಿಗಳು ಕೆಟ್ಟವರು’ ಅಂದು ಎದ್ದು ಹೋಗುತ್ತಾರೆ. ನಮ್ಮ ಮಹಾರಾಷ್ಟ್ರದಲ್ಲಿ 1949ರ ಅನಾಟಮಿ ಕಾಯ್ದೆಯಡಿ ವಾರಸುದಾರರು ಬಾರದ ಹೆಣವೂ ಮೇಜಿಗೆ ಬರಬಹುದು. ದಾನ ಕೊಟ್ಟವರು ಒಪ್ಪಿ ಬಂದವರು, ಇವರನ್ನು ಯಾರೂ ಕೇಳಲೇ ಇಲ್ಲ. ಬಂದ ದೇಹಗಳಲ್ಲಿ ದಾನದ್ದೆಷ್ಟು, ವಾರಸುದಾರರಿಲ್ಲದ್ದೆಷ್ಟು ಅನ್ನುವ ಲೆಕ್ಕ ಸಾಕು. ರಿಜಿಸ್ಟರಿನ ಹೆಸರು ಮಾತ್ರ ತೋರಿಸಬೇಡಿ. ವಿದ್ಯಾರ್ಥಿಗಳು ಕೊನೆಗೆ ಬರೆಯುವ ಬರಹಕ್ಕೆ ಅಂಕ ಕೊಡುವಾಗ ಯಾವ ಪಕ್ಷ ಹಿಡಿದರು ಅಂತ ನೋಡಬೇಡಿ, ಕಾರಣ ನೋಡಿ. ಇಲ್ಲದಿದ್ದರೆ 25 ಜನವೂ ನಿಮಗೆ ಇಷ್ಟವಾಗುವುದನ್ನೇ ಬರೆದುಕೊಡುತ್ತಾರೆ.