ಉಬುಂಟುವಿನ ಅಪಾಚೆಯಲ್ಲಿ ಮುಖಪುಟ ಮಾತ್ರ ತೆರೆಯುತ್ತಿದೆ, ಒಳಪುಟಗಳಿಗೆ 404 ಬರುತ್ತಿದೆ

ಪ್ರಶ್ನೆ: ಡೊಂಬಿವಲಿ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ಕನ್ನಡ ಸಂಘಕ್ಕೆ ಒಂದು ಜಾಲತಾಣ ಸಿದ್ಧವಾಗುತ್ತಿದೆ. ಸಂಘದ ಪರಿಚಯ, ಯಕ್ಷಗಾನ ಮತ್ತು ನಾಟಕಗಳ ಚಿತ್ರಗಳು, ಸಂಘದ ಪತ್ರಿಕೆಯ ಹಳೆಯ ಸಂಚಿಕೆಗಳಿಂದ ಆಯ್ದ ಲೇಖನಗಳು ಅದರಲ್ಲಿ ಇರುತ್ತವೆ. ಪಿಎಚ್‌ಪಿಯಲ್ಲಿ ಬರೆದ ಈ ತಾಣವನ್ನು ಇದುವರೆಗೆ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಅಪಾಚೆ ಮತ್ತು ಪಿಎಚ್‌ಪಿಯನ್ನು ಒಟ್ಟಿಗೆ ಕೊಡುವ ಜ್ಯಾಂಪ್ ಹಾಕಿಕೊಂಡು ನೋಡುತ್ತಿದ್ದೆವು. ನಾವು ಬಾಡಿಗೆಗೆ ಪಡೆದಿರುವ ಹೋಸ್ಟಿಂಗ್ ಲಿನಕ್ಸಿನದಾದ್ದರಿಂದ, ಹೊರಗೆ ಏರಿಸುವ ಮೊದಲು ಮನೆಯಲ್ಲೇ ಅದೇ ಬಗೆಯ ಸರ್ವರಿನಲ್ಲಿ ಪರೀಕ್ಷಿಸೋಣವೆಂದು ಉಬುಂಟು 22.04 ಮತ್ತು ಅಪಾಚೆ 2.4 ವೆಬ್ ಸರ್ವರ್ ಇರುವ ಡೆಸ್ಕ್‌ಟಾಪಿಗೆ ಎಲ್ಲವನ್ನೂ ನಕಲಿಸಿದ್ದೇನೆ.

ಈಗ ಮುಖಪುಟ ಸರಿಯಾಗಿ ತೆರೆಯುತ್ತದೆ. ಆದರೆ ‘ಪರಿಚಯ’, ‘ಕಾರ್ಯಕ್ರಮಗಳು’, ‘ಸಂಪರ್ಕ’ ಎಂಬ ಕೊಂಡಿಗಳನ್ನು ಒತ್ತಿದರೆ ‘ನಾಟ್ ಫೌಂಡ್’ ಎಂಬ ಬಿಳಿಯ ಪುಟ ಬರುತ್ತದೆ, ಅದರ ಕೆಳಗೆ ಅಪಾಚೆಯ ಹೆಸರು ಮತ್ತು ಪೋರ್ಟ್ 80 ಎಂದಿರುತ್ತದೆ. ಯಕ್ಷಗಾನದ ಚಿತ್ರಗಳಲ್ಲಿ ಕೆಲವು ಕಾಣಿಸುತ್ತವೆ, ಕೆಲವು ಕಾಣಿಸುವುದಿಲ್ಲ. ಇನ್ನೂ ವಿಚಿತ್ರವೆಂದರೆ ಲೇಖನಗಳ ಸ್ಥಿತಿ. ಅವು ಕನ್ನಡದಲ್ಲೇ ಹೆಸರಿಟ್ಟ ಎಚ್‌ಟಿಎಂಎಲ್ ಫೈಲ್‌ಗಳು. ‘ಮಳೆಗಾಲ’, ‘ಹಬ್ಬ’, ‘ಯಕ್ಷಗಾನ’ ಎಂಬ ಲೇಖನಗಳು ತೆರೆಯುತ್ತವೆ. ‘ದೀಪಾವಳಿ’, ‘ನಾಟಕೋತ್ಸವ’, ‘ಸೇವೆ’ ತೆರೆಯುವುದಿಲ್ಲ. ಮೂರೂ ಫೈಲ್‌ಗಳು ಫೋಲ್ಡರಿನಲ್ಲಿ ಕಣ್ಣಿಗೆ ಕಾಣುತ್ತಿವೆ. ಲೇಖನಗಳನ್ನು ಪುಣೆಯ ಸದಸ್ಯರೊಬ್ಬರು ತಮ್ಮ ಹಳೆಯ ಮ್ಯಾಕ್‌ನಲ್ಲಿ ಸಿದ್ಧಪಡಿಸಿ ಜಿಪ್ ಮಾಡಿ ಕಳುಹಿಸಿದ್ದರು. ಅದನ್ನು ನೇರವಾಗಿ ಉಬುಂಟುವಿನಲ್ಲೇ ಬಿಡಿಸಿದ್ದೇನೆ. ಅವರ ಯಂತ್ರದಲ್ಲಿ ಎಲ್ಲ ಲೇಖನಗಳೂ ತೆರೆಯುತ್ತವೆಯಂತೆ.

ಫೋಲ್ಡರುಗಳಿಗೆ 755, ಫೈಲ್‌ಗಳಿಗೆ 644 ಅನುಮತಿ ಇದೆ. ಡಾಕ್ಯುಮೆಂಟ್ ರೂಟ್ ಸರಿಯಾದ ಫೋಲ್ಡರನ್ನೇ ತೋರಿಸುತ್ತಿದೆ. ಅಪಾಚೆಯನ್ನು ಮರಳಿ ಆರಂಭಿಸಿಯೂ ನೋಡಿದೆ. ಎರರ್ ಲಾಗಿನಲ್ಲಿ ಈ 404ರ ಸುಳಿವೇ ಇಲ್ಲ. ಎಲ್ಲಿಂದ ಹುಡುಕಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಕೋಥ್ರೂಡ್ ಲಿನಕ್ಸ್, ಪುಣೆ

ನಿಮ್ಮ ವಿವರಣೆಯನ್ನು ಓದಿದರೆ ಇಲ್ಲಿ ಒಂದಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಾರಣಗಳು ಸೇರಿಕೊಂಡಂತೆ ತೋರುತ್ತದೆ. ಮೂರಕ್ಕೂ ಹೊರಗೆ ಕಾಣುವ ಲಕ್ಷಣ ಒಂದೇ ಆಗಿರುವುದರಿಂದ ಗೊಂದಲವಾಗಿದೆ. ಮೊದಲಿನ ಎರಡರ ಬಗ್ಗೆ ನಾನು ಹೇಳಬಲ್ಲೆ.

404 ಬಂದಿದೆ ಎಂದರೆ ಸರ್ವರ್ ಎದ್ದು ಕುಳಿತು ಉತ್ತರಿಸುತ್ತಿದೆ ಎಂದೇ ಅರ್ಥ. ಅಪಾಚೆ ನಿಂತೇ ಹೋಗಿದ್ದರೆ ಬ್ರೌಸರಿಗೆ ಸಂಪರ್ಕವೇ ಸಿಗುತ್ತಿರಲಿಲ್ಲ, ಅನುಮತಿಯ ತೊಂದರೆಯಾಗಿದ್ದರೆ 403 ಬರುತ್ತಿತ್ತು, ಸಂರಚನೆಯ ಫೈಲಿನಲ್ಲಿ ಅಕ್ಷರದೋಷವಿದ್ದರೆ ಅಪಾಚೆ ಆರಂಭವಾಗಲು ನಿರಾಕರಿಸುತ್ತಿತ್ತು. ಆದ್ದರಿಂದ ಅನುಮತಿಗಳನ್ನು ಇನ್ನು ಮುಟ್ಟಬೇಡಿ. ಎಲ್ಲದಕ್ಕೂ 777 ಕೊಡಿ ಎಂದು ಯಾರಾದರೂ ಸಲಹೆ ನೀಡಿದರೆ, ಅದು ತೊಂದರೆಯನ್ನು ಬಿಡಿಸದೆ ಬಾಗಿಲನ್ನು ಮಾತ್ರ ತೆರೆದಿಡುವ ಸಲಹೆ ಎಂದು ತಿಳಿಯಿರಿ.

ಎರರ್ ಲಾಗ್ ಸುಮ್ಮನಿರುವುದೂ ಸಹಜವೇ. ಅಪಾಚೆ 2.2ರಲ್ಲಿ ‘ಫೈಲ್ ಇಲ್ಲ’ ಎಂಬ ಸಂದೇಶ ಎರರ್ ಮಟ್ಟದಲ್ಲಿ ದಾಖಲಾಗುತ್ತಿತ್ತು. 2.4ರಲ್ಲಿ ಅದನ್ನು ಇನ್ಫೋ ಮಟ್ಟಕ್ಕೆ ಇಳಿಸಿದ್ದಾರೆ, ಆದರೆ ಲಾಗ್ ಮಟ್ಟ ಮೊದಲಿನಂತೆ ವಾರ್ನ್ ಆಗಿಯೇ ಉಳಿದಿರುವುದರಿಂದ ಅದು ಕಾಣಿಸಿಕೊಳ್ಳುವುದಿಲ್ಲ. ಸಂರಚನೆಯಲ್ಲಿ ಲಾಗ್‌ಲೆವೆಲ್ ಸಾಲನ್ನು ‘ವಾರ್ನ್ ಕೋರ್:ಇನ್ಫೋ’ ಎಂದು ಬದಲಾಯಿಸಿ ಅಪಾಚೆಯನ್ನು ರೀಲೋಡ್ ಮಾಡಿದರೆ, ಅದು ಡಿಸ್ಕಿನ ಯಾವ ಜಾಗದಲ್ಲಿ ಯಾವ ಫೈಲನ್ನು ಹುಡುಕಿ ಸೋತಿತೆಂಬುದು ಪೂರ್ಣ ವಿಳಾಸದೊಂದಿಗೆ ಬರುತ್ತದೆ. ಎಷ್ಟೋ ಸಲ ಆ ಒಂದು ಸಾಲೇ ಇಡೀ ತೊಂದರೆಯನ್ನು ಹೇಳಿಬಿಡುತ್ತದೆ.

ಅದಕ್ಕೂ ಮೊದಲು, ನಿಮ್ಮ ಕೋರಿಕೆಗೆ ಉತ್ತರಿಸುತ್ತಿರುವುದು ಯಾವ ವರ್ಚುವಲ್ ಹೋಸ್ಟ್ (ಒಂದೇ ಅಪಾಚೆಯಲ್ಲಿ ಪ್ರತಿ ತಾಣಕ್ಕೂ ಇರುವ ಪ್ರತ್ಯೇಕ ಸಂರಚನೆ) ಎಂಬುದನ್ನು ಖಚಿತಪಡಿಸಿಕೊಳ್ಳಿ. ಟರ್ಮಿನಲ್ಲಿನಲ್ಲಿ ಅಪಾಚೆ2ಸಿಟಿಎಲ್ ಆಜ್ಞೆಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟರೆ ಪಟ್ಟಿ ಬರುತ್ತದೆ. ಬ್ರೌಸರ್ ಕಳುಹಿಸಿದ ಹೆಸರು ಯಾವ ಹೋಸ್ಟಿಗೂ ಹೊಂದದಿದ್ದಾಗ ಅಪಾಚೆ, ಗುರುತಿಲ್ಲದ ಪಾರ್ಸೆಲನ್ನೆಲ್ಲ ಮೊದಲ ಫ್ಲ್ಯಾಟಿಗೆ ಕೊಟ್ಟುಬಿಡುವ ಸೊಸೈಟಿಯ ವಾಚ್‌ಮನ್‌ನಂತೆ, ಪಟ್ಟಿಯ ಮೊದಲ ಹೋಸ್ಟಿಗೇ ಕೋರಿಕೆಯನ್ನು ಒಪ್ಪಿಸುತ್ತದೆ. ಉಬುಂಟುವಿನ ಪೂರ್ವನಿಯೋಜಿತ ಸೈಟ್ ಫೈಲಿನ ಹೆಸರು 000 ಎಂದು ಆರಂಭವಾಗುವುದು ಅದು ಅಕಾರಾದಿಯಲ್ಲಿ ಮೊದಲು ಬರಲೆಂದೇ. ನಿಮ್ಮ ಮುಖಪುಟ ಸಂಘದ್ದೇ ಆಗಿರುವುದರಿಂದ ಈ ತೊಂದರೆ ನಿಮಗೆ ಇರಲಾರದು. ಆದರೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈಗ ‘ಪರಿಚಯ’ ಮುಂತಾದ ಪುಟಗಳ ವಿಷಯ. ಆ ಹೆಸರಿನ ಫೈಲ್‌ಗಳು ಡಿಸ್ಕಿನಲ್ಲಿ ಇಲ್ಲವೆಂದೂ, ಎಲ್ಲ ವಿಳಾಸಗಳನ್ನೂ ಇಂಡೆಕ್ಸ್ ಪಿಎಚ್‌ಪಿಗೆ ತಿರುಗಿಸುವ ನಿಯಮಗಳು, ತಾಣದ ಫೋಲ್ಡರಿನಲ್ಲೇ ಇಡುವ ಸಂರಚನೆಯಾದ ಎಚ್‌ಟಿಆ್ಯಕ್ಸೆಸ್ ಫೈಲಿನಲ್ಲಿ ಇವೆಯೆಂದೂ ಊಹಿಸುತ್ತೇನೆ. ಮುಖಪುಟ ತೆರೆಯಲು ಆ ನಿಯಮಗಳು ಬೇಕಿಲ್ಲ, ಒಳಪುಟಗಳಿಗೆ ಬೇಕು. ಜ್ಯಾಂಪ್ ತನ್ನ ಎಚ್‌ಟಿಡಾಕ್ಸ್ ಫೋಲ್ಡರಿಗೆ ಅಲೌಓವರ್‌ರೈಡ್ ಆಲ್ ಎಂದು (ಅಂದರೆ ಆ ಫೈಲನ್ನು ಪಾಲಿಸು ಎಂದು) ಕೊಟ್ಟೇ ಬಂದಿರುತ್ತದೆ, ವಿಳಾಸಗಳನ್ನು ತಿರುಗಿಸುವ ರೀರೈಟ್ ಮಾಡ್ಯೂಲನ್ನೂ ಚಾಲೂ ಇಟ್ಟಿರುತ್ತದೆ. ಉಬುಂಟುವಿನ ಮುಖ್ಯ ಸಂರಚನೆಯಲ್ಲಿ ವಾರ್ ಫೋಲ್ಡರಿನೊಳಗಿನ ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ಅಲೌಓವರ್‌ರೈಡ್ ನನ್ ಎಂದಿರುತ್ತದೆ. ಹಾಗಾಗಿ ನಿಮ್ಮ ನಿಯಮಗಳ ಫೈಲನ್ನು ಅಪಾಚೆ ತೆರೆದೂ ನೋಡುತ್ತಿಲ್ಲ.

ಇದನ್ನು ಪರೀಕ್ಷಿಸುವ ಸುಲಭ ವಿಧಾನವಿದೆ. ಎಚ್‌ಟಿಆ್ಯಕ್ಸೆಸ್ ಫೈಲಿನ ಮೊದಲ ಸಾಲಿನಲ್ಲಿ ಅರ್ಥವಿಲ್ಲದ ಒಂದು ಪದವನ್ನು ಬರೆದು ಉಳಿಸಿ ಪುಟವನ್ನು ತೆರೆಯಿರಿ. ಅಪಾಚೆ ಅದನ್ನು ಓದುತ್ತಿದ್ದರೆ 500 ದೋಷ ಬರಲೇಬೇಕು. ಹಿಂದಿನಂತೆಯೇ 404 ಬಂದರೆ ಅದು ಓದುತ್ತಿಲ್ಲ, ಅಥವಾ ಫೈಲೇ ಅಲ್ಲಿಲ್ಲ. ಚುಕ್ಕಿಯಿಂದ ಆರಂಭವಾಗುವ ಹೆಸರುಗಳು ಟರ್ಮಿನಲ್ಲಿನಲ್ಲಿ ನಕ್ಷತ್ರ ಚಿಹ್ನೆ ಬಳಸಿ ನಕಲಿಸುವಾಗ ಹಿಂದೆಯೇ ಉಳಿದುಬಿಡುತ್ತವೆ ಎಂಬುದೂ ನೆನಪಿರಲಿ. ಓದುತ್ತಿಲ್ಲವೆಂದು ತಿಳಿದರೆ, ನಿಮ್ಮ ಸೈಟಿನ ಸಂರಚನೆಯಲ್ಲಿ ಆ ಫೋಲ್ಡರಿನ ಡೈರೆಕ್ಟರಿ ಭಾಗವನ್ನು ಸೇರಿಸಿ ಅಲೌಓವರ್‌ರೈಡ್ ಆಲ್ ಎಂದು ಬರೆಯಿರಿ, ಎ2ಎನ್‌ಮಾಡ್ ಆಜ್ಞೆಯಿಂದ ರೀರೈಟನ್ನು ಚಾಲೂ ಮಾಡಿ, ಅಪಾಚೆಯನ್ನು ಮರಳಿ ಆರಂಭಿಸಿ. ಎರಡನ್ನೂ ಮಾಡಬೇಕು. ನಿಯಮಗಳನ್ನು ಇಫ್‌ಮಾಡ್ಯೂಲ್ ಭಾಗದೊಳಗೆ ಸುತ್ತಿಟ್ಟಿದ್ದರೆ, ಮಾಡ್ಯೂಲ್ ಇಲ್ಲದಾಗ ಅಪಾಚೆ ದೂರನ್ನೂ ಹೇಳದೆ ಅವನ್ನು ಬಿಟ್ಟು ಮುಂದೆ ಹೋಗುತ್ತದೆ, ನಿಮಗೆ ಸಿಗುವುದು ಮತ್ತದೇ 404.

ಸರ್ವರ್ ನಮ್ಮದೇ ಆಗಿದ್ದರೆ ನಿಯಮಗಳನ್ನು ಮುಖ್ಯ ಸಂರಚನೆಯಲ್ಲೇ ಬರೆಯುವುದು ಮೇಲು. ಎಚ್‌ಟಿಆ್ಯಕ್ಸೆಸ್ ಇದ್ದರೆ ಪ್ರತಿ ಕೋರಿಕೆಗೂ ಪ್ರತಿ ಫೋಲ್ಡರಿನಲ್ಲೂ ಅದನ್ನು ಹುಡುಕುವ ಕೆಲಸ ಅಪಾಚೆಗೆ ಬೀಳುತ್ತದೆ. ಆದರೆ ನೀವು ಹೋಗುತ್ತಿರುವುದು ಬಾಡಿಗೆ ಹೋಸ್ಟಿಂಗಿಗೆ, ಅಲ್ಲಿ ಮುಖ್ಯ ಸಂರಚನೆ ನಿಮ್ಮ ಕೈಗೆ ಸಿಗಲಾರದು, ಆದ್ದರಿಂದ ಮನೆಯಲ್ಲೂ ಎಚ್‌ಟಿಆ್ಯಕ್ಸೆಸ್ ಇಟ್ಟುಕೊಂಡೇ ಪರೀಕ್ಷಿಸಿ. ಹೋಸ್ಟಿಂಗ್ ಎನ್‌ಜಿನ್ಎಕ್ಸ್ ಎಂಬ ಬೇರೆ ಸರ್ವರಿನ ಮೇಲೆ ಮಾತ್ರ ನಡೆಯುವುದಾದರೆ ಈ ಮಾತು ಸಲ್ಲದು, ಅದು ಎಚ್‌ಟಿಆ್ಯಕ್ಸೆಸ್ ಫೈಲನ್ನು ಓದುವುದೇ ಇಲ್ಲ.

ಚಿತ್ರಗಳದು ಬಹುತೇಕ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ. ಕ್ಯಾಮೆರಾ ದೊಡ್ಡಕ್ಷರದ ಜೆಪಿಜಿ ಎಂದು ಹೆಸರಿಟ್ಟಿರುತ್ತದೆ, ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೀರಿ. ವಿಂಡೋಸಿಗೆ ಎರಡೂ ಒಂದೇ, ಲಿನಕ್ಸಿಗೆ ಬೇರೆ. ಎಲ್ಲ ಹೆಸರುಗಳನ್ನೂ ಸಣ್ಣಕ್ಷರಕ್ಕೆ ತನ್ನಿ.

ಉತ್ತರ: ವಾಸ್ಕೊ ನಿವಾಸಿ, ಗೋವಾ

ಪುಣೆಯ ಮಿತ್ರರು ಬಿಟ್ಟ ಮೂರನೆಯ ಕಾರಣವೇ ನನಗೆ ಹೆಚ್ಚು ಕುತೂಹಲ ಹುಟ್ಟಿಸಿತು, ಏಕೆಂದರೆ ತೆರೆಯುವ ಮತ್ತು ತೆರೆಯದ ಹೆಸರುಗಳನ್ನು ನೀವು ಬರೆದಿರುವುದರಲ್ಲೇ ಉತ್ತರವಿದೆ. ತೆರೆಯದ ಮೂರನ್ನೂ ನೋಡಿ: ‘ದೀ’, ‘ಕೋ’, ‘ಸೇ’. ತೆರೆಯುವ ಮೂರರಲ್ಲಿ ಇಂತಹ ದೀರ್ಘ ಸ್ವರಚಿಹ್ನೆ ಒಂದೂ ಇಲ್ಲ. ‘ಗಾ’ ಇದೆ, ಆದರೆ ಅದರ ಚಿಹ್ನೆ ಒಡೆಯುವಂಥದ್ದಲ್ಲ.

ಯೂನಿಕೋಡಿನಲ್ಲಿ ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು. ಒಂದೇ ಸಂಕೇತವಾಗಿ ಬರೆಯುವುದು ಒಂದು ರೀತಿ, ತುಂಡುಗಳನ್ನು ಜೋಡಿಸಿ ಬರೆಯುವುದು ಇನ್ನೊಂದು. ‘ಸೇ’ಯಲ್ಲಿನ ಏತ್ವ ಇಡಿಯಾಗಿದ್ದಾಗ 0ಸಿಸಿ7 ಎಂಬ ಒಂದೇ ಸಂಕೇತ, ಒಡೆದಾಗ ಎತ್ವದ 0ಸಿಸಿ6 ಮತ್ತು ದೀರ್ಘದ 0ಸಿಡಿ5 ಎಂಬ ಎರಡು. ಓತ್ವ ಒಡೆದರೆ ಮೂರು ತುಂಡಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ರೂಪದಲ್ಲಿ ಕಾಣುತ್ತವೆ, ಆದರೆ ಉಬುಂಟುವಿನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಹೆಸರುಗಳನ್ನು ಅಕ್ಷರಗಳಾಗಿ ನೋಡುವುದಿಲ್ಲ, ಬೈಟ್‌ಗಳಾಗಿ ಹೋಲಿಸುತ್ತದೆ. ಬೈಟ್ ಬೇರೆಯಾದರೆ ಫೈಲೂ ಬೇರೆ.

ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಫೈಲಿನ ಹೆಸರನ್ನು ಯಾವಾಗಲೂ ಒಡೆದ ರೂಪದಲ್ಲೇ ಉಳಿಸಿಕೊಳ್ಳುತ್ತದೆ, ಕೇಳಿದಾಗ ಕೇಳಿದ ಹೆಸರನ್ನೂ ಒಡೆದು ಹೋಲಿಸುತ್ತದೆ. ಆದ್ದರಿಂದಲೇ ಆ ಸದಸ್ಯರ ಯಂತ್ರದಲ್ಲಿ ಎಲ್ಲವೂ ತೆರೆಯುತ್ತವೆ. ಜಿಪ್ ಬಿಡಿಸಿದಾಗ ಒಡೆದ ಹೆಸರುಗಳೇ ನಿಮ್ಮ ಡಿಸ್ಕಿಗೆ ಬಂದವು. ಸೂಚಿಪುಟದ ಕೊಂಡಿಗಳನ್ನು ನೀವು ಕೀಲಿಮಣೆಯಿಂದ ಟೈಪ್ ಮಾಡಿದಿರಿ, ಅವು ಇಡಿಯಾದ ರೂಪದಲ್ಲಿವೆ. ಎರಡೂ ಎದುರುಬದುರಾದಾಗ ಅಪಾಚೆ 404 ಎಂದಿತು, ಅದರ ಮಟ್ಟಿಗೆ ಅದು ನಿಜವನ್ನೇ ಹೇಳಿದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಆ್ಯಕ್ಸೆಸ್ ಲಾಗಿನಲ್ಲಿ ‘ಸೇವೆ’ಯ ಕೋರಿಕೆಯ ಸಾಲನ್ನು ತೆಗೆಯಿರಿ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್ 8ರಲ್ಲಿ ಮೂರು ಬೈಟ್; ವಿಳಾಸದಲ್ಲಿ ಅವು ಶೇಕಡಾ ಚಿಹ್ನೆಗಳೊಂದಿಗೆ ಕಾಣಿಸುತ್ತವೆ. ಏತ್ವದ ಜಾಗದಲ್ಲಿ ಇ0, ಬಿ3, 87 ಎಂದು ಇರುತ್ತದೆ. ಬಳಿಕ ಎಲ್ಎಸ್ ಆಜ್ಞೆಯ ಫಲಿತಾಂಶವನ್ನು ಎಕ್ಸ್‌ಎಕ್ಸ್‌ಡಿಗೆ ಕೊಟ್ಟು ಫೈಲಿನ ಹೆಸರಿನ ಬೈಟ್‌ಗಳನ್ನು ನೋಡಿ. ಅದೇ ಜಾಗದಲ್ಲಿ ಇ0, ಬಿ3, 86 ಮತ್ತು ಇ0, ಬಿ3, 95 ಎಂದು ಆರು ಬೈಟ್ ಸಿಗಬೇಕು.

ಸರಿಪಡಿಸಲು ಕಾನ್ವ್‌ಎಂವಿ ಎಂಬ ಸಣ್ಣ ಉಪಕರಣವನ್ನು ಹಾಕಿಕೊಳ್ಳಿ. ಯುಟಿಎಫ್ 8ರಿಂದ ಯುಟಿಎಫ್ 8ಕ್ಕೇ ಎಂದು ಹೇಳಿ, ಒಡೆದದ್ದನ್ನು ಇಡಿಯಾದ ರೂಪಕ್ಕೆ ತರುವ ಎನ್‌ಎಫ್‌ಸಿ ಆಯ್ಕೆಯನ್ನೂ ಒಳಫೋಲ್ಡರುಗಳಿಗೆ ಇಳಿಯುವ ಆರ್ ಆಯ್ಕೆಯನ್ನೂ ಕೊಟ್ಟರೆ ಯಾವ ಹೆಸರು ಹೇಗೆ ಬದಲಾಗುತ್ತದೆಂದು ತೋರಿಸುತ್ತದೆ. ನೋಟೆಸ್ಟ್ ಎಂಬ ಆಯ್ಕೆಯನ್ನು ಸೇರಿಸುವವರೆಗೆ ಅದು ನಿಜವಾಗಿ ಏನನ್ನೂ ಬದಲಾಯಿಸದು, ಹಾಗಾಗಿ ಧೈರ್ಯವಾಗಿ ಓಡಿಸಬಹುದು.

ಪ್ರತಿಕ್ರಿಯೆ: ಡೊಂಬಿವಲಿ ಕನ್ನಡಿಗ

ಇಬ್ಬರಿಗೂ ಕೃತಜ್ಞತೆಗಳು. ಎಚ್‌ಟಿಆ್ಯಕ್ಸೆಸ್ ಫೈಲಿನಲ್ಲಿ ಅಸಂಬದ್ಧ ಪದ ಬರೆದಾಗಲೂ 404 ಬಂತು. ಅಲೌಓವರ್‌ರೈಡ್ ಬದಲಾಯಿಸಿ ರೀರೈಟ್ ಚಾಲೂ ಮಾಡಿದ ಮೇಲೆ ‘ಪರಿಚಯ’ ಮುಂತಾದವೆಲ್ಲ ತೆರೆಯುತ್ತಿವೆ. ಚಿತ್ರಗಳೂ ಸರಿಹೋದವು.

ರೀರೈಟ್ ಚಾಲೂ ಆದ ಬಳಿಕ ತೆರೆಯದ ಲೇಖನಗಳಿಗೆ ಅಪಾಚೆಯ ಬಿಳಿಯ ಪುಟದ ಬದಲು ನಮ್ಮದೇ ತಾಣದ ‘ಪುಟ ಸಿಗಲಿಲ್ಲ’ ಎಂಬ ಪುಟ ಬರತೊಡಗಿತ್ತು. ಕಾನ್ವ್‌ಎಂವಿ ಓಡಿಸಿದ ಮೇಲೆ ಅವೂ ತೆರೆದವು, ಬೈಟ್‌ಗಳು ವಾಸ್ಕೊದ ಮಿತ್ರರು ಹೇಳಿದಂತೆಯೇ ಇದ್ದವು. ಆದರೆ ‘ಬ್ಯಾಂಕ್‌ನವರು’ ಎಂಬ ಒಂದು ಲೇಖನ ಮಾತ್ರ ಇನ್ನೂ ತೆರೆಯುತ್ತಿಲ್ಲ. ಅದರಲ್ಲಿ ಒಡೆಯುವ ಸ್ವರಚಿಹ್ನೆ ಯಾವುದೂ ಇಲ್ಲ.

ಉತ್ತರ: ಮಾಟುಂಗಾ ಓದುಗ, ಮುಂಬಯಿ

‘ಕ್’ ಮತ್ತು ‘ನ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ‘ನ’ ಕೆಳಗೆ ಒತ್ತಾಗಿ ಇಳಿಯದಿರಲೆಂದು ಹಾಕುವ ಶೂನ್ಯ ಅಗಲದ 200ಸಿ ಅದು. ಫೈಲಿನ ಹೆಸರಿನಲ್ಲಿ ಅದು ಇದ್ದು ಕೊಂಡಿಯಲ್ಲಿ ಬಿಟ್ಟುಹೋಗಿದ್ದರೆ, ಇಲ್ಲವೇ ಕೆಲವು ಕೀಲಿಮಣೆಗಳು ಮಾಡುವಂತೆ ಅದರ ಜಾಗದಲ್ಲಿ ಕಾಣದ ಇನ್ನೊಂದು ಸಂಕೇತವಾದ 200ಡಿ ಬಂದಿದ್ದರೆ ಹೆಸರು ಹೊಂದುವುದಿಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ, ಆದ್ದರಿಂದ ಕಾನ್ವ್‌ಎಂವಿಯಿಂದ ಇಲ್ಲಿ ಉಪಯೋಗವಾಗದು. ಫೈಲಿನ ಹೆಸರನ್ನು ನಕಲಿಸಿ ಕೊಂಡಿಯಲ್ಲಿ ಅಂಟಿಸಿದರೆ ಇಂದಿಗೆ ಪರಿಹಾರವಾಗುತ್ತದೆ.

ಆದರೆ ಇಷ್ಟೆಲ್ಲ ನೋಡಿದ ಮೇಲೆ, ಫೈಲಿನ ಹೆಸರುಗಳನ್ನು ಕನ್ನಡದಲ್ಲಿ ಇಡದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದಲ್ಲಿ ಅದು 85 ಸಂಕೇತಗಳೊಳಗೆ ಮುಗಿಯುತ್ತದೆ, ಗುಣಿತ ಮತ್ತು ಒತ್ತಕ್ಷರಗಳಿಗೆ ಒಂದಕ್ಕಿಂತ ಹೆಚ್ಚು ಸಂಕೇತ ಬೇಕೆಂಬುದನ್ನು ಗಮನಿಸಿದರೆ ಉದ್ದದ ಶೀರ್ಷಿಕೆಗಳಿಗೆ ಅದು ಸಾಲದು. ಸಂಚಿಕೆಯ ವರ್ಷ, ತಿಂಗಳು, ಲೇಖನದ ಕ್ರಮಸಂಖ್ಯೆಗಳನ್ನು ಅಂಕಿಗಳಲ್ಲಿ ಕೊಟ್ಟು ಹೆಸರಿಟ್ಟರೆ ಯಾವ ಯಂತ್ರದಲ್ಲೂ ತೊಂದರೆಯಿಲ್ಲ. ಕನ್ನಡದ ಶೀರ್ಷಿಕೆ ಪುಟದೊಳಗೆ ಇದ್ದೇ ಇರುತ್ತದೆ.

ಪ್ರತಿಕ್ರಿಯೆ: ವಾಸ್ಕೊ ನಿವಾಸಿ, ಗೋವಾ

ಫೈಲಿನ ಹೆಸರಿನ ಮಟ್ಟಿಗೆ ಒಪ್ಪುತ್ತೇನೆ, ವಿಳಾಸದ ಮಟ್ಟಿಗೆ ಒಪ್ಪಲಾರೆ. ಕನ್ನಡ ವಿಕಿಪೀಡಿಯದ ಪುಟಗಳ ವಿಳಾಸಗಳು ಕನ್ನಡದಲ್ಲೇ ಇವೆ, ಏನೂ ಕೆಟ್ಟಿಲ್ಲ. ಅಲ್ಲಿ ಬಂದ ಪಠ್ಯವನ್ನು ತಂತ್ರಾಂಶವೇ ಎನ್‌ಎಫ್‌ಸಿಗೆ ತಂದುಕೊಳ್ಳುತ್ತದೆ. ಡೊಂಬಿವಲಿಯ ಮಿತ್ರರ ಬಳಿ ಎಲ್ಲ ವಿಳಾಸಗಳೂ ಈಗ ಇಂಡೆಕ್ಸ್ ಪಿಎಚ್‌ಪಿಯ ಮೂಲಕ ಹೋಗುತ್ತಿವೆಯಲ್ಲ, ಅಲ್ಲಿಯೇ ವಿಳಾಸವನ್ನು ನಾರ್ಮಲೈಸರ್ ವರ್ಗದಿಂದ ಎನ್‌ಎಫ್‌ಸಿಗೆ ತಂದು, 200ಸಿ ಮತ್ತು 200ಡಿಗಳನ್ನು ತೆಗೆದು, ಒಂದು ಪಟ್ಟಿಯಲ್ಲಿ ನೋಡಿ, ಅಂಕಿಯ ಹೆಸರಿನ ಫೈಲನ್ನು ತೆರೆಯಬಹುದು. ಪಟ್ಟಿಯಲ್ಲಿನ ಹೆಸರುಗಳನ್ನೂ ಇದೇ ರೀತಿ ಶುದ್ಧಗೊಳಿಸಿರಬೇಕು. ಆ ವರ್ಗವನ್ನು ಒದಗಿಸುವ ಪಿಎಚ್‌ಪಿಯ ಇಂಟ್ಲ್ ವಿಸ್ತರಣೆ ಹೋಸ್ಟಿಂಗಿನಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಪ್ರತಿಕ್ರಿಯೆ: ಕೋಥ್ರೂಡ್ ಲಿನಕ್ಸ್, ಪುಣೆ

ಆ ದಾರಿ ಹಿಡಿಯುವುದಾದರೆ ಒಂದು ಸಣ್ಣ ಎಚ್ಚರಿಕೆ. ಪಟ್ಟಿಯಲ್ಲಿ ಹೆಸರು ಸಿಗದಿದ್ದಾಗ ‘ಪುಟ ಸಿಗಲಿಲ್ಲ’ ಎಂಬ ಪುಟದ ಜೊತೆಗೆ 404 ಸ್ಥಿತಿಸಂಖ್ಯೆಯನ್ನೂ ಪಿಎಚ್‌ಪಿಯೇ ಕಳುಹಿಸಬೇಕು, ಇಲ್ಲದಿದ್ದರೆ 200 ಹೋಗುತ್ತದೆ, ಹುಡುಕುತಾಣಗಳು ಆ ಪುಟವನ್ನೂ ಲೇಖನವೆಂದೇ ಸೇರಿಸಿಕೊಳ್ಳಬಹುದು. ಬ್ರೌಸರಿನಲ್ಲಿ ಈ ವ್ಯತ್ಯಾಸ ಕಾಣದು. ಕರ್ಲ್ ಆಜ್ಞೆಗೆ ದೊಡ್ಡಕ್ಷರದ ಐ ಆಯ್ಕೆ ಕೊಟ್ಟು ಇಲ್ಲದ ಒಂದು ವಿಳಾಸವನ್ನು ಕೇಳಿದರೆ ಮೊದಲ ಸಾಲಿನಲ್ಲೇ ಸಂಖ್ಯೆ ಸಿಗುತ್ತದೆ. ಹೋಸ್ಟಿಂಗಿಗೆ ಏರಿಸುವಾಗ ಫೈಲ್‌ಗಳನ್ನು ಈ ಉಬುಂಟುವಿನಿಂದಲೇ ಟಾರ್ ಮಾಡಿ ಅಥವಾ ಆರ್‌ಸಿಂಕ್ ಬಳಸಿ ಕಳುಹಿಸಿ, ಮತ್ತೆ ಆ ಹಳೆಯ ಮ್ಯಾಕ್‌ನ ಮೂಲಕ ಹಾಯಿಸಬೇಡಿ.