ಓದುಗರ ಸ್ಪಂದನ: ಗದ್ದೆಯ ಪಾರ್ಕಿಂಗ್ ಮತ್ತು ಮಗನ ಹಟ

ಸಮಸ್ಯೆ: ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ನಮ್ಮ ಹದಿಮೂರು ವರ್ಷದ ಸಣ್ಣ ಕಾರಿನಲ್ಲಿ ಹೋದಾಗ ಸ್ವಯಂಸೇವಕರು ನಮ್ಮನ್ನು ದೂರದ ಗದ್ದೆಗೆ ಕಳುಹಿಸಿ, ಹಿಂದೆಯೇ ಬಂದ ರಾಜಕೀಯ ಮುಖಂಡರೊಬ್ಬರ ದೊಡ್ಡ ಕಾರನ್ನು ಗೋಪುರದವರೆಗೂ ಬಿಟ್ಟರು. ಅಂದಿನಿಂದ ಮಗ 22 ಲಕ್ಷದ ಎಸ್‌ಯುವಿಗೆ ಹಟ ಹಿಡಿದಿದ್ದಾನೆ. 15 ಲಕ್ಷ ಸಾಲ ಮಾಡಬೇಕಾಗುತ್ತದೆ. ಏನು ಮಾಡಲಿ?

ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ: ಮಾನ್ಯರೇ, ಸಾಲ ಕೊಡುವ ಮೇಜಿನ ಹಿಂದೆ ಬಹುಕಾಲ ಕುಳಿತವನಾದ್ದರಿಂದ ಮೊದಲು ಲೆಕ್ಕ ಹೇಳುತ್ತೇನೆ. 15 ಲಕ್ಷವನ್ನು ಶೇ. 9ರ ಬಡ್ಡಿಗೆ ಏಳು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 24,130 ರೂಪಾಯಿ ಬೀಳುತ್ತದೆ. ಬಡ್ಡಿಯೊಂದೇ ಐದೂಕಾಲು ಲಕ್ಷ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ದೊಡ್ಡವುಗಳಿಗೆ ಶೇ. 40 ಇದೆ. ಇಷ್ಟೆಲ್ಲ ತೆತ್ತು ತಂದ ಕಾರಿಗೆ ಮೂರು ವರ್ಷ ಕಳೆಯುತ್ತಲೇ ವಿಮಾ ಕಂಪನಿಯವರು ಬೆಲೆಯಲ್ಲಿ ಶೇ. 40 ಕಳೆದು ಲೆಕ್ಕ ಹಾಕುತ್ತಾರೆ. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಕಟ್ಟಿಸಿಕೊಂಡು ಬ್ಯಾಂಕ್ ಬೆಳೆಸಿದ ಊರು ನಮ್ಮದು ಎಂಬುದು ಈಗಿನವರಿಗೆ ನೆನಪಿದೆಯೋ ಇಲ್ಲವೋ. ಆ 24,130 ರೂಪಾಯಿಯನ್ನು ಆರು ತಿಂಗಳು ತಪ್ಪದೆ ಬೇರೆ ಖಾತೆಗೆ ಹಾಕಿ ತೋರಿಸಲು ಮಗನಿಗೆ ಹೇಳಿ. ಹಾಕಿದರೆ ಆಮೇಲೆ ಷೋರೂಮಿನ ಮಾತು.

ಓದುಗರೊಬ್ಬರು, ಸುರತ್ಕಲ್: ಇಂಥದ್ದೇ ಉತ್ಸವವೊಂದರಲ್ಲಿ ಕೊರಳಿಗೆ ಶಾಲು ಹಾಕಿ, ಸೀಟಿ ಊದುತ್ತಾ ವಾಹನ ತಿರುಗಿಸಲು ನಿಂತವನು ನಾನು. ನಾವು ನೋಡುವುದು ಕಾರಿನ ಬೆಲೆಯನ್ನಲ್ಲ, ಎದುರಿನ ಗಾಜಿಗೆ ಅಂಟಿಸಿದ ಪಾಸನ್ನು. ಪಾಸ್ ಇಲ್ಲದಿದ್ದರೆ ಒಳಗೆ ಕುಳಿತವರ ಮುಖವನ್ನು. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ಹೋಯಿತು, ಆದರೆ ಅದನ್ನು ಕಂಡು ದಾರಿ ಬಿಡುತ್ತಿದ್ದ ನಮ್ಮ ಅಭ್ಯಾಸ ಹೋಗಲಿಲ್ಲ. ಆ ದಿನ ತಾತ್ಕಾಲಿಕ ನಂಬರಿನ ಹೊಚ್ಚಹೊಸ ಎಸ್‌ಯುವಿಯೊಂದನ್ನು ನಾನೇ ಕಟಾವಾದ ಗದ್ದೆಗೆ ಇಳಿಸಿದೆ. ಹುಣಿಗೆ, ಅಂದರೆ ಗದ್ದೆಯ ಬದುವಿಗೆ ತಾಗಿ ಬಂಪರ್ ಗೀರಿಹೋಗಿತ್ತು. ಯಜಮಾನರು ಬಗ್ಗಿ ಬೆರಳಿಗೆ ಉಗುಳು ಹಚ್ಚಿ ಉಜ್ಜುತ್ತಿದ್ದರು. ಅದರ ಹಿಂದೆಯೇ ಪಂಚಾಯತ್ ಸದಸ್ಯರೊಬ್ಬರ ಹಳೆಯ ಓಮ್ನಿ ನೇರವಾಗಿ ಗೋಪುರದ ಬುಡಕ್ಕೆ ಹೋಯಿತು, ಕೈ ತೋರಿಸಿದವನೂ ನಾನೇ. ಹಾಗಾಗಿ ನಿಮ್ಮ ಮಗ ಎಂಥ ಕಾರು ತಂದರೂ ಮುಂದಿನ ಉತ್ಸವಕ್ಕೆ ಅದು ಗದ್ದೆಗೇ ಹೋಗುವ ಸಂಭವ ಹೆಚ್ಚು.

ಶಿಕ್ಷಕಿ, ಮಂಗಳೂರು: ಮೇಲಿನ ಇಬ್ಬರ ಮಾತೂ ನಿಜವೇ, ಆದರೆ ಮಗನನ್ನು ಗದರಬೇಡಿ. ತನ್ನ ಅಂತಸ್ತಿಗಿಂತಲೂ ತಂದೆಯನ್ನು ಬಿಸಿಲಿನಲ್ಲಿ ಅಷ್ಟು ದೂರ ನಡೆಸಿದರಲ್ಲ ಎಂಬುದೇ ಅವನಿಗೆ ನಾಟಿರಬಹುದು. ಒಮ್ಮೆ ಕೇಳಿ ನೋಡಿ. ಹೇಗೂ ಹದಿನೈದು ವರ್ಷ ತುಂಬಿದ ಮೇಲೆ ಹಳೆಯ ಕಾರಿನ ನೋಂದಣಿ ನವೀಕರಿಸಬೇಕಾಗುತ್ತದೆ. ಅಷ್ಟರೊಳಗೆ ಬದಲಿಸುವುದಾದರೆ, ಅಪಘಾತದಲ್ಲಿ ಕಾರು ಎಷ್ಟು ಸುರಕ್ಷಿತ ಎಂದು ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ, ಸಾಲವಿಲ್ಲದೆ ಕೈಗೆಟಕುವ ಕಾರೊಂದನ್ನು ಇಬ್ಬರೂ ಕೂಡಿಯೇ ನೋಡಿ ಬನ್ನಿ.